ಮಗ್ಗದ ಮನೆಯ ಕೆಂಡ

ಕಳೆದ ವರ್ಷ ಕಾರ್ತಿಕ ಸೋಮವಾರ ನಾನು ಬೆಟ್ಟದಲ್ಲಿ ಮಾದಪ್ಪನ ಮುಂದೆ ಕೈಮುಗಿದು ನಿಂತಿದ್ದ ಹೊತ್ತಿಗೇ ಕೊಳ್ಳೇಗಾಲದಲ್ಲಿ ನನ್ನ ಸಂಸಾರ ಹಾಳಾಗುತ್ತಿತ್ತು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಮಾದಪ್ಪನ ಒಕ್ಕಲಾದ ನೀವೆಲ್ಲ ಬೇಸರ ಮಾಡಿಕೊಳ್ಳದೆ ಓದಬೇಕು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಆ ವಾರ ಸೈಕ್ಲೋನ್ ಮಳೆ ಬಿಟ್ಟೇ ಇರಲಿಲ್ಲ. ಥಂಡಿ ಹೆಚ್ಚಾದರೆ ಮಗ್ಗದ ಮೇಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಲಾಳಿ ಓಡುವುದಿಲ್ಲ. ಆಗ ಎಳೆಗಳ ಕೆಳಗೆ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಇಟ್ಟು, ಗಾಳಿ ಬಾರದಂತೆ ಕಿಟಕಿ ಬಾಗಿಲು ಹಾಕಿಕೊಂಡು ನೇಯುವುದು ನಮ್ಮ ಮಾವನ ಕಾಲದಿಂದ ನಡೆದುಬಂದದ್ದು. ಮಾವನದು ಹೆಂಚಿನ ಮನೆ, ಸಂದುಗೊಂದಿನಲ್ಲೆಲ್ಲ ಗಾಳಿಯಾಡುತ್ತಿತ್ತು. ನಾವು ಆ ವರ್ಷವೇ ಆರ್‌ಸಿಸಿ ಮನೆ ಕಟ್ಟಿ, ಗಾಜಿನ ಕಿಟಕಿ ಇಡಿಸಿ, ಒಂದು ತೊಟ್ಟು ನೀರೂ ಒಳಗೆ ಬರಲ್ಲ ಎಂದು ಬೀಗುತ್ತಿದ್ದೆವು.

"ಮದುವೆ ಸೀರೆ ಕಣಮ್ಮಿ, ನಾಳಿದ್ದು ಕೊಡಬೇಕು. ನೀನು ಓಗ್ಬುಟ್ಟು ಬಾ" ಎಂದು ನಮ್ಮೆಜಮಾನರು ನನ್ನೊಬ್ಬಳನ್ನೇ ಬಸ್ಸು ಹತ್ತಿಸಿದರು. ಮಳೆಗೆ ಸ್ಕೂಲ್ ರಜೆ ಇತ್ತು. ಮಗಳು ಗೌರಿ ಅಪ್ಪನ ಜೊತೆ ಮಗ್ಗದ ಹತ್ತಿರ ಕೂತಿದ್ದಳು.

ವಾಪಸು ಬರುವಾಗ ಬಸ್ಸು ಹನೂರು ದಾಟುತ್ತಿದ್ದಂತೆ ಪಕ್ಕದ ಮನೆಯ ರತ್ನಕ್ಕನ ಫೋನು ಬಂತು. "ಎಲ್ಲಿದ್ದೀಯಮ್ಮಿ? ಮನೆಗೆ ಓಗ್ಬೇಡ, ಸೀದಾ ಆಸ್ಪತ್ರೆಗೇ ಬಾ." ಮಗ್ಗದ ಸದ್ದು ನಿಂತು ಬಹಳ ಹೊತ್ತಾಯಿತಲ್ಲ ಎಂದು ಅವಳು ಬಾಗಿಲು ತಳ್ಳಿ ನೋಡಿದರೆ ಅಪ್ಪ ಮಗಳು ಇಬ್ಬರೂ ಬಿದ್ದಿದ್ದರಂತೆ. ಆಟೋದಲ್ಲಿ ಹಾಕಿಕೊಂಡು ಬರುವಷ್ಟರಲ್ಲಿ ನಮ್ಮೆಜಮಾನರ ಉಸಿರು ನಿಂತಿತ್ತು. ನಾನು ಹೋದಾಗ ಅವರ ಮೇಲೆ ಬಟ್ಟೆ ಹೊದಿಸಿದ್ದರು. ಪಾದ ಮಾತ್ರ ಹೊರಗಿತ್ತು. ಮುಟ್ಟಿ ನೋಡಿದೆ, ತಣ್ಣಗಿತ್ತು.

ಗೌರಿಗೆ ಜೀವವಿತ್ತು, ಜ್ಞಾನವಿರಲಿಲ್ಲ.

"ಮಿಷನ್‌ನಲ್ಲಿ ಆಕ್ಸಿಜನ್ ಸರಿಯಾಗೇ ತೋರಿಸ್ತಿದೆಯಲ್ಲಮ್ಮ" ಎಂದರು ಡಾಕ್ಟರು. ಅವಳ ಬೆರಳಿಗೆ ಸಣ್ಣ ಮಿಷನ್ ಸಿಕ್ಕಿಸಿದ್ದರು. "ಇಬ್ಬರೂ ಏನಾದ್ರೂ ತಿಂದ್ರಾ, ಕುಡಿದ್ರಾ? ಮನೇಲಿ ಬಾಟ್ಲು, ಮಾತ್ರೆ ಇದ್ರೆ ಬೇಗ ತನ್ನಿ." ವರಾಂಡದಲ್ಲಿ ಯಾರೋ "ಅಪ್ಪನೇ ವಿಷ ಆಕ್ಬುಟ್ನೇನೋ" ಎಂದದ್ದು ನನ್ನ ಕಿವಿಗೆ ಬಿತ್ತು. ಥೂ, ಆ ನಾಲಿಗೆಗೆ ಹುಳ ಬೀಳಾ!

ರತ್ನಕ್ಕನ ಜೊತೆ ಮನೆಗೆ ಓಡಿದೆ. ಮಳೆ ಒಳಗೆ ಹೊಡೆಯುತ್ತದೆಂದು ಅವಳೇ ಮನೆ ಮುಚ್ಚಿ ಬಂದಿದ್ದಳು. ಅವಳು ಅಡುಗೆಮನೆ ಹುಡುಕುತ್ತಿರಲು, ನಾನು ಮಗ್ಗದ ಕೋಣೆಗೆ ಹೋದೆ. ಗೋಡೆಯ ಮೇಲೆ ಹುಲಿ ಏರಿ ಕೂತ ಮಾದಪ್ಪನ ಪಟ. ನೋಡಿದ ತಕ್ಷಣ ನನ್ನ ಹೊಟ್ಟೆ ಉರಿದುಹೋಯಿತು. ರತ್ನಕ್ಕನಿಗೆ ಕೇಳಬಾರದೆಂದು ಬಾಗಿಲು ಹಾಕಿಕೊಂಡೆ.

"ಎಪ್ಪತ್ತೇಳು ಮಲೆ ಆಳೋನಿಗೆ ನನ್ನ ಒಂದು ಮಗ್ಗದ ಮನೆ ಕಾಯಕ್ಕಾಗನಿಲ್ವಾ? ನಿನ್ನ ಬಾಗ್ಲಲ್ಲೇ ನಿಂತಿದ್ನಲ್ಲೋ! ನಿಂಗೆ ಕಣ್ಣಿಲ್ವಾ? ಅವರನ್ನ ತಕಂಡೆ, ಮಗೀನಾದ್ರೂ ಬಿಡೋ ನಮ್ಮಪ್ಪಾ!"

ಬೈದೆ, ಅತ್ತೆ, ಮತ್ತೆ ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನುತ್ತ ಅನ್ನುತ್ತ ತಲೆ ಸಿಡಿಯತೊಡಗಿತು. ಹೊಟ್ಟೆ ತೊಳೆಸಿತು. ಕಾಲಿನಲ್ಲಿ ಬಲವಿಲ್ಲದೆ ಕುಸಿದೆ. ಬಿದ್ದ ಸದ್ದಿಗೆ ರತ್ನಕ್ಕ ಓಡಿಬಂದು ಜಗಲಿಗೆ ಎಳೆದು ಹಾಕಿದಳು. ಮಳೆಗಾಳಿ ಮುಖಕ್ಕೆ ಬಡಿದಾಗ ವಾಂತಿಯಾಯಿತು, ತಲೆ ಸ್ವಲ್ಪ ತಿಳಿಯಾಯಿತು. ಒಳಗೆ ನೋಡಿದರೆ ಮಗ್ಗದ ಕೆಳಗಿನ ಬಾಂಡ್ಲಿಯಲ್ಲಿ ಬೂದಿಯಡಿ ಕೆಂಡ ಇನ್ನೂ ಕೆಂಪಗಿತ್ತು. ಒಂದೆಳೆ ಹೊಗೆಯೂ ಇರಲಿಲ್ಲ.

"ಅಕ್ಕಾ, ವಿಷ ಅಲ್ಲ ಕಣಕ್ಕಾ. ಕೆಂಡ!"

ಡಾಕ್ಟರಿಗೆ ಹೇಳಿದೊಡನೆ ಅವರ ಮುಖವೇ ಬದಲಾಯಿತು. "ಇದ್ದಿಲ ಗಾಳಿ ರಕ್ತಕ್ಕೆ ಸೇರಿದ್ರೆ ಈ ಮಿಷನ್ನೂ ಮೋಸ ಹೋಗುತ್ತೆ ಕಣಮ್ಮ" ಎಂದವರೇ ಮಾಸ್ಕ್ ಹಾಕಿಸಿ ಪೂರ್ತಿ ಆಕ್ಸಿಜನ್ ಬಿಡಿಸಿದರು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಮಗಳ ಕೈ ಹಿಡಿದು ಮಾದಪ್ಪಾ ಮಾದಪ್ಪಾ ಎನ್ನುವುದನ್ನು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ. ಅವಳ ಅಪ್ಪನ ಮಣ್ಣಿಗೂ ನಾನಿರಲಿಲ್ಲ. ನೆಂಟರೇ ಮಾಡಿ ಮುಗಿಸಿದರು.

ಗೌರಿ ಕಣ್ಣು ಬಿಟ್ಟಳು. ಈಗ ಓಡಾಡುತ್ತಾಳೆ, ಸ್ಕೂಲಿಗೂ ಹೋಗುತ್ತಾಳೆ. ಓದಿದ್ದು ಬೇಗ ಮರೆಯುತ್ತದೆ, ಅಷ್ಟೆ. ಕೈಮುಗಿದು ಹಾಡಿ ಹೊಗಳಿ ಹೊರಟುಬಂದಿದ್ದರೆ ಆ ಕೋಣೆ ನನಗೆ ಏನನ್ನೂ ಹೇಳುತ್ತಿರಲಿಲ್ಲ. ನಿಂತು ಬೈಯುವಷ್ಟು ಹೊತ್ತು ಅವನೇ ನನ್ನನ್ನು ಅಲ್ಲಿ ನಿಲ್ಲಿಸಿದ ಎಂದು ನಂಬಿದ್ದೇನೆ. ಆ ಕೋಣೆಯ ಗೋಡೆ ಒಡೆಸಿ, ಮುಚ್ಚಲು ಬಾರದ ದೊಡ್ಡ ಗವಾಕ್ಷಿ ಇಡಿಸಿದೆ. ನಮ್ಮ ಬೀದಿಯಲ್ಲಿ ಈಗ ಯಾರೂ ಕೆಂಡ ಇಡುವುದಿಲ್ಲ. ನೀವೂ ಇಡಬೇಡಿ, ಕಾಲಿಗೆ ಬೀಳುತ್ತೇನೆ.

ಮೊನ್ನೆ ಸೋಮವಾರ ದೀಪ ಹಚ್ಚುವಾಗ ಗೌರಿ ಕೇಳಿದಳು:

"ಅವ್ವಾ, ನನ್ನ ಬಿಡು ಅಂತ ಮಾದಪ್ಪನ್ನ ಕೇಳ್ಕಂಡ್ಯಲ್ಲ, ಅಪ್ಪನ್ನೂ ಬಿಡು ಅಂತ ಕೇಳ್ದ್ಯಾ?"

"ಕೇಳ್ದೆ ಕಣವ್ವ."

"ಏನಂದ?"

ನಾನು ದೀಪದ ಬತ್ತಿ ಸರಿಮಾಡತೊಡಗಿದೆ. ಅವಳು "ಓಗ್ಲಿ ಬುಡು, ನಾನಿದ್ದೀನಲ್ಲ" ಎಂದು ದೀಪಕ್ಕೆ ಎಣ್ಣೆ ಹಾಕಿದಳು. ಉಘೇ ಮಾದಪ್ಪ.