ಮೊರದ ಷಡಕ್ಷರಪ್ಪನವರು ಕೊಟ್ಟ ಅಂಕ

ಭದ್ರಾವತಿಯಲ್ಲಿ ನಾವಿದ್ದ ಬೀದಿಯ ಕೊನೆಯ ಮನೆ ಷಡಕ್ಷರಪ್ಪನವರದು. ಎರಡನೆಯ ಮಹಾಯುದ್ಧ ಮುಗಿದು ಅವರು ಊರಿಗೆ ಮರಳಿದ ಮೇಲೆ ಬೀದಿಯ ಮಕ್ಕಳ ಸಂಜೆಯ ಆಟವೇ ಬದಲಾಯಿತು. ಹೆಂಡತಿ ಸಾವಿತ್ರಮ್ಮನವರ ಎರಡು ಮೊರಗಳನ್ನು ಕೈಗೊಂದರಂತೆ ಹಿಡಿದು ಅವರು ಜಗಲಿಯ ತುದಿಯಲ್ಲಿ ನಿಲ್ಲುವರು. ಮಕ್ಕಳು ತೋಳು ಚಾಚಿ, ಗುಂಯ್ ಎಂದು ಸದ್ದು ಮಾಡುತ್ತ ಓಡಿಬಂದು ಜಗಲಿಗೆ ಹಾರುವರು. ಜಗಲಿಯೇ ಹಡಗು, ಮಕ್ಕಳೇ ವಿಮಾನ.

"ರೀ, ಅಕ್ಕಿ ಕೇರ್ಬೇಕು, ಮೊರ ಕೊಡ್ರೀ ಇತ್ಲಾಗೆ!" ಎಂದು ಸಾವಿತ್ರಮ್ಮ ಒಳಗಿನಿಂದ ಕೂಗುವರು.

"ತಡಿಯೇ ಮಾರಾಯ್ತಿ, ಇನ್ನೊಂದು ವಿಮಾನ ಗಾಳೀಲಿದೆ."

ಯುದ್ಧಕ್ಕೆ ಮೊದಲು ಅವರು ಊರಿನ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿದ್ದರು. ಮೇಲೆ ಕ್ರೇನಿನಲ್ಲಿ ಕುಳಿತವನಿಗೆ ಕೆಳಗಿನಿಂದ ಕೈಸನ್ನೆ ತೋರಿಸಿ, ಕಬ್ಬಿಣದ ರಸ ತುಂಬಿದ ಕೊಪ್ಪರಿಗೆಯನ್ನು ಸರಿಯಾದ ಜಾಗಕ್ಕೆ ಇಳಿಸುವುದು ಅವರ ಕೆಲಸ. ಯುದ್ಧದ ಕಾಲದಲ್ಲಿ ಕೊಯಮತ್ತೂರಿನ ಹತ್ತಿರದ ನೌಕಾದಳದ ವಿಮಾನ ನಿಲ್ದಾಣಕ್ಕೆ ಕೆಲಸಗಾರರನ್ನು ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ ಹೋದರು. ಅವರ ಇಂಗ್ಲಿಷ್ ಬರವಣಿಗೆ ಮುತ್ತಿನಂತಿತ್ತು. ಅದನ್ನು ನೋಡಿದ ಒಬ್ಬ ಅಧಿಕಾರಿ ಅವರನ್ನು ಕರೆದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡ.

ಸಮುದ್ರದ ಮೇಲೆ ಸಾಗುತ್ತಿರುವ ಹಡಗಿಗೆ ವಿಮಾನ ಇಳಿಸಲು ಕಲಿಯುವವರು ಮೊದಲು ನೆಲದ ಮೇಲೆ ಅಭ್ಯಾಸ ಮಾಡಬೇಕು. ಬಯಲಿನಲ್ಲಿ ಬಿಳಿಯ ಗೆರೆ ಎಳೆದು, ಹಡಗಿನ ಮೇಲೆ ಎಷ್ಟು ಜಾಗ ಸಿಗುವುದೋ ಅಷ್ಟನ್ನೇ ಗುರುತಿಸಿರುತ್ತಿದ್ದರು. ಅದರ ಎಡ ಅಂಚಿನಲ್ಲಿ ಈ ಅಧಿಕಾರಿ ಕೈಗೊಂದರಂತೆ ಬಣ್ಣ ಬಳಿದ ಅಗಲವಾದ ಬ್ಯಾಟು ಹಿಡಿದು ನಿಲ್ಲುವನು. ಬ್ಯಾಟು ಎತ್ತಿದರೆ ಮೇಲೇರು, ಇಳಿಸಿದರೆ ಕೆಳಗಿಳಿ. ತಲೆಯ ಮೇಲೆ ಜೋರಾಗಿ ಬೀಸಿದರೆ, ಇಳಿಯಬೇಡ, ಮತ್ತೆ ಸುತ್ತಿ ಬಾ. ಒಂದೊಂದು ವಿಮಾನ ಬಂದಾಗಲೂ ಅವನು ತಿರುಗಿ ನೋಡದೆ ಒದರುತ್ತಿದ್ದ: ಎತ್ತರ ಹೆಚ್ಚಾಯಿತು, ವೇಗ ಸಾಲದು, ಎಡಕ್ಕೆ ಸರಿದ. ಷಡಕ್ಷರಪ್ಪನವರು ಬರೆದುಕೊಳ್ಳುತ್ತಿದ್ದರು. ಸಂಜೆ ಕಲಿಯುವವರನ್ನೆಲ್ಲ ಒಂದು ಕೊಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಪ್ರತಿಯೊಬ್ಬನ ಪ್ರತಿ ಇಳಿತಕ್ಕೂ ಏನು ಅಂಕ ಎಂದು ಆ ಅಧಿಕಾರಿ ಎಲ್ಲರ ಎದುರಿಗೇ ಓದುವನು. ಒಳ್ಳೆಯದು, ಸಾಧಾರಣ, ಕಳಪೆ. ಯಾರೂ ಎದುರು ಮಾತಾಡುವಂತಿರಲಿಲ್ಲ.

"ಗೆರೆ ಒಳಗೆ ಇಳಿದ್ನಲ್ಲ, ಸಾಲ್ದೇನಪ್ಪ?" ಎಂದು ಕಾರ್ಖಾನೆಯ ಹಳೆಯ ಸಂಗಾತಿ ಹೊನ್ನಯ್ಯ ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದ.

"ಇಳಿದಿದ್ದಕ್ಕಲ್ಲ ಕಣಯ್ಯಾ ಅಂಕ, ಬಂದ ರೀತಿಗೆ. ಅಡ್ಡಾದಿಡ್ಡಿ ಬಂದು ಅದೃಷ್ಟದಿಂದ ಇಳಿದೋನಿಗೆ ಕಳಪೆ. ಬೀಸಿದ ಕೂಡ್ಲೆ ಮೇಲೆದ್ದು ಸುತ್ತಿ ಬಂದೋನಿಗೆ ಅವಮಾನ ಏನಿಲ್ಲ. ಬೀಸಿದ್ರೂ ಇಳಿದ್ನೋ, ಅವನ ಕಥೆ ಮುಗೀತು."

ಹಾಗೊಬ್ಬ ಇದ್ದನಂತೆ, ಎಲ್ಲರಿಗೂ ಪ್ರೀತಿಯ ಹುಡುಗ. ಬೇಡವೆಂದರೂ ಹೂವಿನಂತೆ ಇಳಿಸಿದ. ಮರುದಿನವೇ ಅವನನ್ನು ತರಬೇತಿಯಿಂದ ತೆಗೆದು, ಸಾಮಾನಿನ ಪೆಟ್ಟಿಗೆಯೊಡನೆ ಲಾರಿ ಹತ್ತಿಸಿದರು. "ಇಲ್ಲಿ ಬಯಲು, ಹಡಗಿನ ಮೇಲೆ ಮುಂದೆ ಇನ್ನೊಂದು ವಿಮಾನ ನಿಂತಿರುತ್ತದೆ" ಎಂದಷ್ಟೇ ಆ ಅಧಿಕಾರಿ ಹೇಳಿದನಂತೆ.

ಊರಿಗೆ ಬಂದ ಷಡಕ್ಷರಪ್ಪನವರಿಗೆ ಹಳೆಯ ಕಾರ್ಖಾನೆ ಕ್ರೇನು ನಡೆಸುವ ಹೊಸಬರನ್ನು ತಯಾರು ಮಾಡುವ ಕೆಲಸ ಕೊಟ್ಟಿತು. ಅವರು ಎರಡು ಮೊರಗಳಿಗೆ ಕೆಂಪು ಬಣ್ಣ ಬಳಿದುಕೊಂಡು ಹೋದರು. ಕೊಪ್ಪರಿಗೆಗೆ ಮರಳು ತುಂಬಿಸಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅದೇ ಪದ್ಧತಿ ಹೂಡಿದರು. ಟೀ ಹೊತ್ತಿಗೆ ಎಲ್ಲರ ಎದುರಿಗೇ ಅಂಕ. ಮೊದಮೊದಲು ನಕ್ಕವರೇ ಎಲ್ಲ. "ಮೊರದ ಷಡಕ್ಷರಪ್ಪ" ಎಂಬ ಹೆಸರು ಬಿದ್ದದ್ದು ಆಗಲೇ.

ಆ ತಂಡದಲ್ಲಿ ಅವರ ಅಕ್ಕನ ಮಗ ಪುಟ್ಟಪ್ಪನೂ ಇದ್ದ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ. ಕೈಚಳಕದ ಹುಡುಗ. ಷಡಕ್ಷರಪ್ಪನವರ ಮಗಳು ಸೀತಾಳನ್ನು ಅವನಿಗೆ ಕೊಡುವುದೆಂದು ಮಾತಾಗಿತ್ತು. ಕೆಲಸ ಕಾಯಂ ಆದೊಡನೆ ಮದುವೆ. ಕಾಯಂ ಆಗಲು ಕೊನೆಯ ಪರೀಕ್ಷೆಯೊಂದೇ ಬಾಕಿ.

ಪರೀಕ್ಷೆಯ ದಿನ ಪುಟ್ಟಪ್ಪ ಕೊಪ್ಪರಿಗೆಯನ್ನು ನೀರಿನ ಮೇಲೆ ದೋಣಿ ತೇಲಿಸಿದಂತೆ ತಂದ. ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಕೊಪ್ಪರಿಗೆಯ ಅಡಿಗಿಡುವ ಮರದ ತುಂಡೊಂದು ಸರಿದದ್ದನ್ನು ಕಂಡು ಹೊನ್ನಯ್ಯ ಅದನ್ನು ಸರಿಪಡಿಸಲು ಗೆರೆಯೊಳಗೆ ಕಾಲಿಟ್ಟ. ಷಡಕ್ಷರಪ್ಪನವರು ಮೊರಗಳನ್ನು ತಲೆಯ ಮೇಲೆ ಬೀಸಿದರು. ಹೊನ್ನಯ್ಯ ಚಕ್ಕನೆ ಹಿಂದೆ ಸರಿದ. ಮೊರಗಳು ಇನ್ನೂ ಬೀಸುತ್ತಲೇ ಇದ್ದವು. ಪುಟ್ಟಪ್ಪ ಇಳಿಸಿಬಿಟ್ಟ. ಗೆರೆಯ ನಟ್ಟನಡುವೆ, ಒಂದು ಸದ್ದಿಲ್ಲದೆ. ಸುತ್ತಲಿನವರು ಚಪ್ಪಾಳೆ ತಟ್ಟಿದರು.

ಟೀ ಹೊತ್ತಿಗೆ ಷಡಕ್ಷರಪ್ಪನವರು ಓದಿದರು: "ಪುಟ್ಟಪ್ಪ, ಫೇಲು."

"ಹೊನ್ನಯ್ಯ ಸರಿದಿದ್ದು ನಂಗೆ ಕಾಣ್ತಿತ್ತು ಮಾವ!"

"ನಿಂಗೆ ಕಂಡಿದ್ದು ಹೊನ್ನಯ್ಯ. ಅವನ ಹಿಂದೆ ಯಾರಿದ್ರು?"

"ಯಾರೂ ಇರ್ಲಿಲ್ವಲ್ಲ!"

"ಅದು ಇಳಿಸಿದ್ಮೇಲೆ ಗೊತ್ತಾಗಿದ್ದು."

ಮಾರನೆಯ ದಿನವೇ ಪುಟ್ಟಪ್ಪನ ತಾಯಿ ನಂಜಮ್ಮ ಶಿವಮೊಗ್ಗದಿಂದ ರೈಲಿನಲ್ಲಿ ಬಂದಿಳಿದರು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಏನೋ ಷಡಕ್ಷರಿ, ಬಿಳೀ ದೊರೆಗಳ ಹತ್ರ ನಾಕು ದಿನ ನಿಂತು ಬಂದಿದ್ದಕ್ಕೆ ಅಕ್ಕನ ಮಗನೂ ಬೇರೆಯೋನಾದ್ನೇನೋ? ನಿನ್ನ ಮಗಳು ನಿನ್ನ ಮನೇಲೇ ಇರ್ಲಿ, ಆ ಮೊರ ಹಿಡ್ಕೊಂಡು ಕೂತಿರ್ಲಿ!"

"ಅಕ್ಕ, ಅವನು ಮತ್ತೆ ಕಲೀಲಿ. ನಾನು ಬೇಡ ಅಂದಿಲ್ವಲ್ಲ."

"ಜಾತಕ ಬೇಕಾದಷ್ಟು ಬಂದಿವೆ ನಮ್ಗೆ" ಎಂದು ನಂಜಮ್ಮ ಸೆರಗು ಕೊಡವಿಕೊಂಡು ಹೊರಟರು. ಸೀತಾ ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ಸಾವಿತ್ರಮ್ಮ ಆ ವಾರವೆಲ್ಲ ಗಂಡನೊಡನೆ ಊಟಕ್ಕೆ ಏಳಿ ಎಂಬುದರ ಹೊರತು ಮಾತಾಡಲಿಲ್ಲ. ಷಡಕ್ಷರಪ್ಪನವರು ಸಂಜೆಯ ಆಟ ನಿಲ್ಲಿಸಿದರು. ಅಂಕವನ್ನು ಮಾತ್ರ ತಿದ್ದಲಿಲ್ಲ.

ಪುಟ್ಟಪ್ಪ ಕಾರ್ಖಾನೆ ಬಿಡುವನೆಂದೇ ಎಲ್ಲರೂ ತಿಳಿದಿದ್ದರು. ಬಿಡಲಿಲ್ಲ. ಕ್ರೇನಿನ ಮೇಲೆ ಜಾಗವಿಲ್ಲದ್ದರಿಂದ ಕೆಳಗೆ ಕೊಕ್ಕೆ ಸಿಕ್ಕಿಸುವ ಕೂಲಿ ಕೆಲಸಕ್ಕೆ ಸೇರಿಕೊಂಡ. ಮಾವನೊಡನೆ ಮಾತಿಲ್ಲ. ದಿನವೂ ಬೇರೆಯವರು ತರುವ ಕೊಪ್ಪರಿಗೆಯ ಅಡಿಯಲ್ಲೇ ಅವನ ಓಡಾಟ.

ಮಳೆಗಾಲದ ಒಂದು ಬೆಳಿಗ್ಗೆ ಒಬ್ಬ ಹೊಸಬ, ಷಡಕ್ಷರಪ್ಪನವರು ಮೊರ ಬೀಸಿದ್ದನ್ನು ಲಕ್ಷಿಸದೆ, ಕೊಪ್ಪರಿಗೆ ಇಳಿಸತೊಡಗಿದ. ಕೆಳಗಿದ್ದವನು ಪುಟ್ಟಪ್ಪ. ಗೋಡೆಗೆ ಬೆನ್ನು ಒತ್ತಿ, "ಎತ್ತೋ ಲೇ! ಕಣ್ಣಿಲ್ವೇನೋ ನಿಂಗೆ? ಮಾವ ಬೀಸ್ತಿದಾರೆ, ಎತ್ತೋ!" ಎಂದು ಕಾರ್ಖಾನೆಯೇ ಬೆಚ್ಚುವಂತೆ ಕೂಗಿದ. ಕೊಪ್ಪರಿಗೆ ಮೇಲೆದ್ದಿತು. ಪುಟ್ಟಪ್ಪನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಹೊನ್ನಯ್ಯ ಅವನ ಹೆಗಲ ಮೇಲೆ ಕೈಯಿಟ್ಟು, "ಆವತ್ತು ನಿನ್ನ ಕೊಪ್ಪರಿಗೆ ಕೆಳಗೆ ನಂಗೂ ಹಿಂಗೇ ಆಗಿತ್ತು ಕಣಪ್ಪ" ಎಂದ. ಟೀ ಹೊತ್ತಿಗೆ ಪುಟ್ಟಪ್ಪ ಮಾವನ ಪಕ್ಕದಲ್ಲಿ ಬಂದು ಕುಳಿತು, "ಇನ್ನೊಂದ್ಸಲ ಮೇಲೆ ಕೂರಿಸ್ತೀರಾ?" ಎಂದು ಕೇಳಿದ.

ದೀಪಾವಳಿಗೆ ಮುಂಚೆ ಮತ್ತೆ ಪರೀಕ್ಷೆಯಾಯಿತು. ಈ ಸಲ ಅವನು ಮೊರಗಳಿಂದ ಕಣ್ಣು ತೆಗೆಯಲೇ ಇಲ್ಲ. ಆ ಗಮನದಲ್ಲಿ ಹಳೆಯ ಬೆಡಗು ತುಸು ಮುಕ್ಕಾಯಿತು. ಕೊಪ್ಪರಿಗೆ ಒಮ್ಮೆ ತೂಗಾಡಿತು, ಗೆರೆಯ ಅಂಚಿಗೆ ಸರಿದು ಕುಳಿತಿತು. ಅಂಕ: ಸಾಧಾರಣ. ಅಷ್ಟಕ್ಕೆ ಕೆಲಸ ಕಾಯಂ ಆಯಿತು.

ನಂಜಮ್ಮ ಮತ್ತೆ ರೈಲು ಹತ್ತಿ ಬಂದರು. ಈ ಸಲ ಕೈಯಲ್ಲಿ ಎಲೆಯಡಿಕೆಯ ತಟ್ಟೆಯಿತ್ತು. ಆದರೂ ಸುಮ್ಮನಿರಲಾರದೆ ತಮ್ಮನನ್ನು ಕೇಳಿದರು: "ಅಲ್ವೋ, ಅಳಿಯ ಆಗೋನಿಗೂ ಬರೀ ಸಾಧಾರಣವೇನೋ?"

"ಅಕ್ಕ, ನಮ್ಮಲ್ಲಿ ಅದು ಒಳ್ಳೇ ಅಂಕ. ಹಡಗಿಗೆ ಹೋದ ಹುಡುಗರಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ತಗೊಂಡು ಹೋದೋರು" ಎಂದರು ಷಡಕ್ಷರಪ್ಪನವರು.

ಸೀತಾ ನಗು ತಡೆಯಲಾರದೆ ಬಾಗಿಲ ಮರೆಗೆ ಸರಿದಳು. ನಂಜಮ್ಮ ತಟ್ಟೆಯನ್ನು ಮುಂದಿಟ್ಟು, ಅಂದು ಮುಟ್ಟದಿದ್ದ ನೀರನ್ನು ತಾವೇ ಕೇಳಿ ಕುಡಿದರು.