ವಿಮಾನಕ್ಕೆ ಸಂದ ಸನ್ಮಾನ

ಪ್ರತಿವರ್ಷ ಬೇಸಿಗೆ ಸಮೀಪಿಸುತ್ತಿದ್ದಂತೆ ದಿನಪತ್ರಿಕೆಯ ವಿದೇಶ ಪುಟದ ಕೆಳಮೂಲೆಯಲ್ಲಿ, ಯುದ್ಧಗಳೂ ಚುನಾವಣೆಗಳೂ ಬಿಟ್ಟುಕೊಟ್ಟಷ್ಟು ಜಾಗದಲ್ಲಿ, ಒಂದು ಪುಟ್ಟ ಸುದ್ದಿ ಮೈಮುದುಡಿಕೊಂಡು ಕಾಣಿಸಿಕೊಳ್ಳುತ್ತದೆ: ಇಂಥ ವಿಮಾನ ಕಂಪನಿಯವರು ಯುರೋಪಿನ ಇಂಥ ನಡುಗಾತ್ರದ ಊರಿನಿಂದ ಅಟ್ಲಾಂಟಿಕ್ ಸಾಗರದಾಚೆಯ ಇಂಥ ಸಣ್ಣ ಊರಿಗೆ ನೇರ ಸಂಚಾರ ಆರಂಭಿಸಲಿದ್ದಾರೆ, ಬೇಸಿಗೆಯ ತಿಂಗಳುಗಳಿಗೆ ಮಾತ್ರ. ಗೋಕಾಕದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವ ನಮ್ಮ ಗುಂಪಿನಲ್ಲಿ ಈ ಸುದ್ದಿಗೆ ಗಿರಾಕಿ ನಾನೊಬ್ಬನೇ. ಉಳಿದವರಿಗೆ ಅಟ್ಲಾಂಟಿಕ್ ಎಂಬುದು ಘಟಪ್ರಭೆಯ ಆಚೆಗಿನ ಇನ್ನೊಂದು ನೀರು. ನನಗೆ ಮಾತ್ರ ಆ ನಾಲ್ಕು ಸಾಲು ಓದುವಷ್ಟರಲ್ಲಿ ಕಿವಿಗಳು ಬಿಸಿಯಾಗಿ, ಚಹಾ ತಣ್ಣಗಾಗುತ್ತದೆ. ಕಾರಣವನ್ನು ಚಹಾದಂಗಡಿಯಲ್ಲಿ ಹೇಳಲಾರೆ. ನೀವು ನನ್ನ ಊರಿನವರಲ್ಲವಾದ್ದರಿಂದ ನಿಮಗೆ ಹೇಳಬಹುದು.

ನಾನು ಇಲ್ಲಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಬೋಧಿಸಿ ನಿವೃತ್ತನಾದವನು. ಬೋಧಿಸಿದೆ ಎಂಬುದು ನನ್ನ ಅಭಿಪ್ರಾಯ. ಬಾಧಿಸಿದೆ ಎನ್ನುವ ಶಿಷ್ಯರೂ ಅಲ್ಲಲ್ಲಿ ಇದ್ದಾರೆ. ನಿವೃತ್ತಿಯ ನಂತರ ನನ್ನ ಇಂಗ್ಲಿಷು, ಮದುವೆಗೆಂದು ಹೊಲಿಸಿ ಮತ್ತೆ ತೊಡದ ಬಟ್ಟೆಯ ಹಾಗೆ, ಪೆಟ್ಟಿಗೆಯಲ್ಲಿ ಮಡಿಕೆ ಕೆಡದೆ ಕುಳಿತಿತ್ತು. ಹಾಗಿರುವಾಗ ಒಂದು ದಿನ ಕುಲಗೋಡದಿಂದ ಮಾಯವ್ವ ನಮ್ಮ ಮನೆಗೆ ಬಂದಳು.

ಮಾಯವ್ವ ಕುರಿಗಾರರ ಮನೆಯ ಹೆಣ್ಣುಮಗಳು. ಬೀರದೇವರ ಮುಂದೆ ಗಂಡಸರೇ ಹೆಗಲಿಗೇರಿಸುತ್ತಿದ್ದ ಡೊಳ್ಳನ್ನು ತಾನೂ ಹೊತ್ತು, ಓಣಿಯ ಐವರು ಹೆಂಗಸರಿಗೂ ಹೊರಿಸಿ, ನಕ್ಕವರನ್ನೆಲ್ಲ ಆ ಸದ್ದಿನಲ್ಲೇ ಸುಮ್ಮನಾಗಿಸಿದವಳು. ಅವರ ತಂಡದ ಕುಣಿತದ ತುಣುಕೊಂದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟು, ಅದು ಸಮುದ್ರಗಳನ್ನು ದಾಟಿ, ಕೆನಡಾದ ಕಡಲತಡಿಯ ಸಣ್ಣ ಊರೊಂದರಲ್ಲಿ ನಡೆಯುವ ವಾದ್ಯಮೇಳದವರ ಕಣ್ಣಿಗೆ ಬಿದ್ದು, ಅವರಿಂದ ಆಮಂತ್ರಣ ಬಂದಿತ್ತು.

"ಹೋಗಾಕ ಧೈರ್ಯ ಐತ್ರಿ ಸರ," ಎಂದಳು ಮಾಯವ್ವ. "ಆದ್ರ ಅಲ್ಲಿ ಮಾತಾಡಾಕ ಬಾಯಿಲ್ಲ. ನೀವು ನಮ್ಮ ಬಾಯಾಗಿ ಬರ್ರಿ."

ಅವಳು ಕೇಳಿದ್ದು ಬಾಯನ್ನು ಮಾತ್ರ. ನಾನು ತಲೆಯನ್ನೂ ತೂರಿಸಿದೆ. ದುಭಾಷಿಯಾಗಿ ಒಪ್ಪಿಕೊಂಡವನು ವಾರದೊಳಗೆ ಮನಸ್ಸಿನಲ್ಲೇ ನಿಯೋಗದ ನಾಯಕನಾದೆ, ಮೇ ತಿಂಗಳ ಬಿಸಿಲಿನಲ್ಲಿ ದಪ್ಪ ಬಟ್ಟೆಯ ಸೂಟು ಹೊಲಿಸಿದೆ, ಮೇಳದ ಉದ್ಘಾಟನೆಯ ದಿನ ಓದಲೆಂದು ಭಾಷಣವೊಂದನ್ನು ಬರೆದು ಕನ್ನಡಿಯ ಮುಂದೆ ಬಾಯಿಪಾಠ ಮಾಡಿದೆ. ನನ್ನ ಹೆಂಡತಿ ಸರೋಜಾ ಹುಕ್ಕೇರಿಯವಳು. ಆ ಕಡೆಯವರು ಹೇಳಬೇಕಾದ್ದನ್ನು ಸುತ್ತುಬಳಸದೆ ಹೇಳುತ್ತಾರೆ. "ಡೊಳ್ಳು ಬಾರ್ಸಾಕ ಹೊಂಟಾವ್ರು ಅವ್ರು. ನೀವ್ಯಾಕ ಮದುಮಗನಂಗ ಹೊಂಟೀರಿ?" ಎಂದು ಕೇಳಿದಳು. ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

ಮುಂಬೈಯಿಂದ ಯುರೋಪಿನ ಊರೊಂದಕ್ಕೆ ಹೋಗಿ, ಅಲ್ಲಿಂದ ಅಟ್ಲಾಂಟಿಕ್ ದಾಟುವ ಸಣ್ಣ ವಿಮಾನ ಹತ್ತಿದೆವು. ಆ ವಿಮಾನ ಬೇಸಿಗೆಯಲ್ಲಿ ಮಾತ್ರ ಹಾರುವಂಥದ್ದೆಂದಾಗಲಿ, ಆ ಮಾರ್ಗದಲ್ಲಿ ಅದೇ ಮೊತ್ತಮೊದಲ ಹಾರಾಟವೆಂದಾಗಲಿ ನನಗೆ ಗೊತ್ತಿರಲಿಲ್ಲ. ಟಿಕೆಟ್ಟಿನ ಮೇಲೆ ಅಂಥದ್ದನ್ನೆಲ್ಲ ಬರೆದಿರುವುದಿಲ್ಲ. ಇಳಿಯುವ ಮುನ್ನ ಪರಿಚಾರಿಕೆ ಎಲ್ಲರಿಗೂ ಕಾಗದದ ಬಾವುಟ ಚುಚ್ಚಿದ ಸಿಹಿಯೊಂದನ್ನು ಹಂಚಿದಳು. ಯಾಕಿದು ಎಂದು ಪಕ್ಕದಲ್ಲಿ ಕುಳಿತಿದ್ದ ಮಾಯವ್ವ ಕೇಳಿದಾಗ, "ಕಲಾವಿದರು ಬಂದಾರಂತ ಇವರಿಗೆ ಗೊತ್ತಾಗೇತಿ" ಎಂದು ವಿವರಿಸಿದೆ. ವಿವರಿಸುವ ಚಟ ಮೇಷ್ಟರಾದವನನ್ನು ಸುಲಭಕ್ಕೆ ಬಿಡುವುದಿಲ್ಲ.

ವಿಮಾನ ನೆಲಕ್ಕಿಳಿದು ನಿಲ್ದಾಣದತ್ತ ತೆವಳುತ್ತಿದ್ದಾಗ ಎರಡೂ ಬದಿಗೆ ನಿಂತಿದ್ದ ಅಗ್ನಿಶಾಮಕ ಗಾಡಿಗಳು ಆಕಾಶಕ್ಕೆ ನೀರು ಚಿಮ್ಮಿಸಿ ಕಮಾನು ಕಟ್ಟಿದವು, ಮತ್ತು ನಾವು ಅದರ ಕೆಳಗೆ ಹಾದುಬಂದೆವು. ಕಿಟಕಿಯ ಮೇಲೆ ಹರಿಯುವ ನೀರನ್ನು ಮಾಯವ್ವ ಬಹಳ ಹೊತ್ತು ನೋಡಿದಳು. "ನಾವು ಬಂದಾವ್ರ ಕಾಲಿಗೆ ನೀರು ಕೊಡ್ತೀವಿ. ಇವ್ರು ವಿಮಾನಕ್ಕ ಕೊಟ್ಟಾರ ನೋಡ್ರಿ," ಎಂದಳು. ಆ ಮಾತಿನಲ್ಲೇ ವಿಷಯವೆಲ್ಲ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಲ್ದಾಣದ ಹಜಾರಕ್ಕೆ ಕಾಲಿಟ್ಟರೆ ಊರಿಗೆ ಊರೇ ಅಲ್ಲಿ ನೆರೆದಿತ್ತು. ಬಣ್ಣದ ಬಲೂನುಗಳು, ಪಿಟೀಲು ನುಡಿಸುವ ಮುದುಕರು, ಮೇಜಿನ ಮೇಲೆ ದೊಡ್ಡ ಕೇಕು, ಕೊರಳಲ್ಲಿ ಅಧಿಕಾರದ ಸರ ಹಾಕಿಕೊಂಡ ಪುರಾಧ್ಯಕ್ಷೆ. ಗೋಡೆಯುದ್ದಕ್ಕೂ ಕಟ್ಟಿದ ಬಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಸ್ವಾಗತವೆಂದು ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಜೀವಮಾನವೆಲ್ಲ ವಿದ್ಯಾರ್ಥಿಗಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಹೇಳುತ್ತ ಬಂದ ನಾನು ದಪ್ಪ ಅಕ್ಷರವನ್ನಷ್ಟೇ ಓದಿದೆ. ಪುರಾಧ್ಯಕ್ಷೆ ಮಾತು ಮುಗಿಸಿ, ಬಂದ ಪ್ರಯಾಣಿಕರಲ್ಲಿ ಯಾರಾದರೂ ಎರಡು ಮಾತನಾಡುವಿರಾ ಎಂದು ಧ್ವನಿವರ್ಧಕವನ್ನು ಮುಂದೆ ಚಾಚಿದರು. ನನ್ನ ಕೈ ಅದನ್ನು ಹಿಡಿದುಕೊಂಡದ್ದನ್ನು ನಾನು ಕಂಡೆ.

ಭಾಷಣವನ್ನು ಪೂರ್ತಿಯಾಗಿ ಒಪ್ಪಿಸಿದೆ. ನಮ್ಮ ಡೊಳ್ಳನ್ನು ಬರಮಾಡಿಕೊಳ್ಳಲು ಕೆಲಸಕಾರ್ಯ ಬಿಟ್ಟು ಬಂದ ನಾಗರಿಕರಿಗೆ ವಂದನೆ ಹೇಳಿದೆ. ಕುರಿ ಕಾಯುವವರ ಕಲೆಗೆ ಇಂಥ ರಾಜಮರ್ಯಾದೆ ಸಿಕ್ಕೀತೆಂದು ಕನಸಿನಲ್ಲೂ ಎಣಿಸಿರಲಿಲ್ಲವೆಂದೆ. ಕಣ್ಣಂಚನ್ನೂ ಒರೆಸಿಕೊಂಡೆ, ಬಾಯಿಪಾಠದಲ್ಲಿ ಇಲ್ಲದಿದ್ದರೂ. ಮೊದಲು ಒಂದು ಕ್ಷಣ ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಜಾರವೇ ಅಲುಗುವಂತೆ ಚಪ್ಪಾಳೆ ತಟ್ಟಿದರು. ನಮ್ಮ ಆರು ಹೆಂಗಸರು ಇಳಕಲ್ ಸೀರೆಯ ಸೆರಗು ಹೊದ್ದು, ಬರಿಗೈಯಲ್ಲಿ, ಸಂಕೋಚದಿಂದ ನನ್ನ ಹಿಂದೆ ನಿಂತಿದ್ದರು. ಡೊಳ್ಳುಗಳಿನ್ನೂ ವಿಮಾನದ ಹೊಟ್ಟೆಯಲ್ಲಿದ್ದವು.

ನಮ್ಮನ್ನು ನಿಜವಾಗಿ ಕರೆದೊಯ್ಯಲು ಬಂದಿದ್ದವರು ಒಬ್ಬರೇ, ಮಾರ್ಗರೆಟ್ ಎಂಬ ಹಿರಿಯ ಹೆಂಗಸು. ಮೇಳದ ಕೆಲಸ ನೋಡಿಕೊಳ್ಳುವವರು, ಹಿಂದಿನ ಸಾಲಿನಲ್ಲಿ ನಮ್ಮ ಹೆಸರಿನ ರಟ್ಟು ಹಿಡಿದು ನಿಂತಿದ್ದವರು. ಅವರ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತ ನಾನು, ಇಷ್ಟು ಜನರನ್ನು ಸೇರಿಸಿದ್ದಕ್ಕೆ ಅವರಿಗೆ ಬೇರೆಯಾಗಿ ಕೃತಜ್ಞತೆ ಹೇಳಿದೆ. ಅವರು ಸ್ವಲ್ಪ ತಡವರಿಸಿದರು. ಆಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ಬಹಳ ಮೃದುವಾಗಿ ಹೇಳಿದರು: ಜನ ಬಂದದ್ದು ವಿಮಾನಕ್ಕಾಗಿ. ಅಲ್ಲಿಯವರೆಗೆ ಆ ಊರಿನಿಂದ ಪರದೇಶಕ್ಕೆ ಹೋಗಬೇಕಾದರೆ ದೂರದ ಪಟ್ಟಣಕ್ಕೆ ಹೋಗಿ ವಿಮಾನ ಹಿಡಿಯಬೇಕು. ಸಾಗರದಾಚೆಗೆ ತಮ್ಮೂರಿನಿಂದಲೇ ಒಂದು ವಿಮಾನ ಬೇಕೆಂದು ಅವರು ಬಹಳ ಕಾಲದಿಂದ ಕೇಳುತ್ತಿದ್ದರು. ಬೇಸಿಗೆಯ ಮಟ್ಟಿಗಾದರೂ ಆಗಲಿ ಎಂದು ಕೊನೆಗೆ ಕಂಪನಿಯೊಂದು ಒಪ್ಪಿಕೊಂಡು, ಅದರ ಮೊದಲ ವಿಮಾನ ಆ ದಿನ ಬಂದಿಳಿದಿತ್ತು.

ಸ್ವಾಗತವೆಂದು ತಿಳಿದು ನಾನು ಆಡಿದ್ದು ಬರೀ ಸ್ವಗತವಾಗಿತ್ತು. ಸೂಟಿನೊಳಗೆ ನನ್ನ ಮೈ ಒಂದಂಗುಲ ಕುಗ್ಗಿತು. ಹಿಂದಿನ ಸೀಟಿನಿಂದ ಮಾಯವ್ವ ಬಾಗಿ, "ಏನಂದ್ರು ಸರ ಅವ್ರು?" ಎಂದು ಕೇಳಿದಳು.

"ಇಷ್ಟು ಮಂದಿ ನಿಮ್ಮನ್ನ ಕರಿಯಾಕ ಬಂದದ್ದು ಅವರಿಗೆ ಭಾಳ ಖುಷಿ ಆಗೇತಂತ," ಎಂದೆ.

ತಪ್ಪು ತಿಳಿದದ್ದು ಮೂರ್ಖತನ, ಅದಕ್ಕೆ ಕ್ಷಮೆಯಿದೆ. ಸರಿಯಾಗಿ ತಿಳಿದ ಮೇಲೆ ತಪ್ಪಾಗಿ ಅನುವಾದಿಸಿದ್ದಕ್ಕೆ ಏನೆನ್ನಬೇಕೋ, ನಿಘಂಟು ತಿರುವಿಹಾಕಿದರೂ ನನಗೆ ಒಂದು ಶಬ್ದ ಸಿಕ್ಕಿಲ್ಲ.

ಮೇಳದಲ್ಲಿ ನಮ್ಮವರು ಚೆನ್ನಾಗಿಯೇ ಬಾರಿಸಿದರು, ನೋಡಿದವರೂ ಮೆಚ್ಚಿದರು. ಆದರೆ ಊರಿಗೆ ಮರಳುವ ಮೊದಲೇ ನಮ್ಮ ಸ್ವಾಗತದ ಕಥೆ ಫೋನಿನಲ್ಲಿ ಕುಲಗೋಡ ತಲುಪಿತ್ತು. ಮಸಗುಪ್ಪಿ ಸೇರುವಷ್ಟರಲ್ಲಿ ಅಗ್ನಿಶಾಮಕ ಗಾಡಿಗಳ ಸಂತಾನ ವೃದ್ಧಿಯಾಗಿತ್ತು. ಮೂಡಲಗಿಯಲ್ಲಿ ಪುರಾಧ್ಯಕ್ಷೆ ಬಡ್ತಿ ಪಡೆದು ಮಂತ್ರಿಯಾಗಿದ್ದರು. ಹುಕ್ಕೇರಿಯಲ್ಲಿರುವ ನನ್ನ ಹೆಂಡತಿಯ ತವರಿನವರಂತೂ ಆ ನೀರು ನೀರಲ್ಲ, ಪನ್ನೀರು ಎಂದು ತೀರ್ಮಾನಿಸಿಬಿಟ್ಟಿದ್ದರು. ಯಾರು ಕೇಳಿದರೂ ನಾನು ಹೌದೆನ್ನದೆ, ಅಲ್ಲವೆನ್ನದೆ, ನಿವೃತ್ತ ಪ್ರಾಧ್ಯಾಪಕರಿಗೆ ಒಪ್ಪುವ ಮಂದಹಾಸವೊಂದನ್ನು ಬೀರುತ್ತಿದ್ದೆ. ಸರೋಜಾ ಮಾತ್ರ ಒಂದು ದಿನ ತಾಟಿಗೆ ರೊಟ್ಟಿ ಹಾಕುತ್ತ, "ಹೋಗಿ ಬಂದಾಗಿಂದ ನೀವು ಕನ್ನಡಿ ಮುಂದ ನಿಂತೇ ಇಲ್ಲ. ಏನಾಗೇತಿ?" ಎಂದಳು. ಏನಿಲ್ಲವೆಂದೆ. ಇನ್ನೊಂದು ರೊಟ್ಟಿ ಹಾಕಿದಳು.

ವಿಮಾನದ ಮಾನವನ್ನು ಕದ್ದವನಿಗೆ ಮುಂದೆ ಸನ್ಮಾನವೂ ಒದಗಿತು. ಮೂಡಲಗಿಯ ಗೆಳೆಯರ ಬಳಗವೊಂದು ಡೊಳ್ಳಿನ ತಂಡಕ್ಕೂ ನನಗೂ ಸತ್ಕಾರ ಏರ್ಪಡಿಸಿತು. ಪರದೇಶದ ಜನ ಹೇಗೆ ಮುಗಿಬಿದ್ದರೆಂದು ಅಧ್ಯಕ್ಷರು ವರ್ಣಿಸುತ್ತಿದ್ದಾಗ ನಾನು ಶಾಲಿನ ಅಂಚನ್ನು ಎಳೆ ಎಳೆಯಾಗಿ ಬಿಡಿಸುತ್ತ ಕುಳಿತಿದ್ದೆ. ನನ್ನ ಸರದಿ ಬಂದಾಗ ಎದ್ದು ನಿಂತು, ಹೇಳಿಬಿಟ್ಟೆ. ಆ ಸ್ವಾಗತ ನಮ್ಮದಲ್ಲ, ಅದು ಹೊಸ ವಿಮಾನಕ್ಕೆ ಸಂದದ್ದು, ನಾನು ತಪ್ಪು ತಿಳಿದೆ, ತಿಳಿದ ಮೇಲೂ ಮುಚ್ಚಿಟ್ಟೆ ಎಂದೆ. ಸಭೆ ಗೊಳ್ಳೆಂದು ನಕ್ಕು, ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಧ್ವನಿವರ್ಧಕವನ್ನು ನನ್ನ ಕೈಯಿಂದ ಪ್ರೀತಿಯಿಂದ ಬಿಡಿಸಿಕೊಂಡು, "ನೋಡ್ರಿ, ವಿನಯ ಅಂದ್ರ ಇದು. ತಮಗ ಆದ ಮರ್ಯಾದಿ ವಿಮಾನಕ್ಕ ಕೊಟ್ಟುಬಿಟ್ರು ನಮ್ಮ ಸರ," ಎಂದರು. ಸತ್ಯವನ್ನು ಹೇಳಿಯೂ ಸುಳ್ಳುಗಾರನಾಗಿ ಉಳಿಯುವ ಯೋಗ ಎಲ್ಲರ ಜಾತಕದಲ್ಲಿ ಇರುವುದಿಲ್ಲ.

ಒಬ್ಬಳು ಮಾತ್ರ ನಕ್ಕಿರಲಿಲ್ಲ. ಕಾರ್ಯಕ್ರಮ ಮುಗಿದು, ಕುರ್ಚಿಗಳನ್ನು ಮಡಚಿ ಪೇರಿಸುತ್ತಿದ್ದಾಗ ಮಾಯವ್ವ ನನ್ನ ಹತ್ತಿರ ಬಂದು ನಿಂತಳು.

"ಖರೆ ಏನ್ರಿ ಸರ?"

"ಖರೆ, ಮಾಯವ್ವಾ. ನಿಮಗೆಲ್ಲ ಬ್ಯಾಸರ ಆಗ್ತೈತಂತ ಅವತ್ತು ಹೇಳಲಿಲ್ಲ." ಅದೂ ಪೂರ್ತಿ ಖರೆಯಾಗಿರಲಿಲ್ಲ. ತಡೆದು, "ನನಗ ನಾಚಿಕಿ ಆಗಿತ್ತು," ಎಂದೆ.

ಅವಳು ತನ್ನ ಶಾಲನ್ನು ನಿಧಾನವಾಗಿ ಮಡಚಿದಳು. "ನಮಗ ಯಾಕ್ರಿ ಬ್ಯಾಸರ? ನಮ್ಮ ಡೊಳ್ಳು ಇರೂದ ಬಂದಾವ್ರನ್ನ ಬರಮಾಡ್ಕೊಳಾಕ. ದೇವ್ರ ಬರ್ಲಿ, ಸಾಹೇಬ್ರ ಬರ್ಲಿ, ನಾವು ಮುಂದ ನಿಂತು ಬಾರಿಸ್ತೀವಿ. ವಿಮಾನ ಬಂದೈತಿ ಅಂತ ಹೇಳಿದ್ರ ಅದಕ್ಕೂ ಬಾರಿಸ್ತಿದ್ವಿ. ಡೊಳ್ಳು ಹೊರಗ ಬರೂಮಟ ಕಾಯ್ತಿದ್ವಿ. ಅವ್ರ ಹಬ್ಬದಾಗ ನಾವು ಆರೂ ಮಂದಿ ಕೈಕಟ್ಟಿ ನಿಂತು, ಕೇಕ್ ತಿಂದು ಬಂದಂಗಾತಲ್ರಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಇಷ್ಟು ದಿನ ನಾಚಿದ್ದು ನನ್ನ ಮಾನಕ್ಕಾಗಿ, ನನ್ನ ಭಾಷಣಕ್ಕಾಗಿ. ಸ್ವಾಗತಿಸುವುದನ್ನೇ ಬಾಳಿನ ಕಸುಬಾಗಿಸಿಕೊಂಡವರನ್ನು ಕರೆದೊಯ್ದು, ಸ್ವಾಗತಿಸಬೇಕಾದ ಗಳಿಗೆಯಲ್ಲಿ ಅತಿಥಿಗಳಂತೆ ಸಾಲಾಗಿ ನಿಲ್ಲಿಸಿದ್ದು ನನಗೆ ಹೊಳೆದೇ ಇರಲಿಲ್ಲ. ಯಾರದೋ ಸಂತೋಷದ ದಿನವೊಂದರಲ್ಲಿ ಅದು ತನ್ನದೇ ಎಂದು ತಿಳಿದು ನಡುವೆ ನಿಂತವನು ಅದರಲ್ಲಿ ಪಾಲುಗೊಳ್ಳಲಾರ. ಪಾಲುಗೊಳ್ಳಬೇಕಾದರೆ ಮೊದಲು ಪಕ್ಕಕ್ಕೆ ಸರಿಯಬೇಕು.

"ಆ ಅಮ್ಮಾರಿಗೆ ಫೋನ್ ಹಚ್ಚಿ ಕೊಡ್ರಿ," ಎಂದಳು ಮಾಯವ್ವ.

ಮರುದಿನ ಸಂಜೆ ಕುಲಗೋಡದ ಅವಳ ಅಂಗಳದಲ್ಲಿ ಮಾರ್ಗರೆಟ್ ಅವರಿಗೆ ವಿಡಿಯೋ ಕರೆ ಮಾಡಿದೆವು. ಅಲ್ಲಿ ಆಗ ಬೆಳಗು. ಹಟ್ಟಿಯಲ್ಲಿ ಕುರಿಗಳು ಅರಚುತ್ತಿದ್ದವು. ಆರು ಜನ ಹೆಂಗಸರು ಡೊಳ್ಳು ಕಟ್ಟಿಕೊಂಡು ಸಾಲಾಗಿ ನಿಂತಿದ್ದರು.

"ಹೇಳ್ರಿ ಸರ," ಎಂದಳು ಮಾಯವ್ವ. "ಅವತ್ತು ನಮಗ ಗೊತ್ತಿರಲಿಲ್ಲ. ಗೊತ್ತಿದ್ರ ನಿಮ್ಮ ಸಂಗಾಟ ನಿಂತು ಬಾರಿಸ್ತಿದ್ವಿ. ನಿಮ್ಮ ಊರಿಗೆ ವಿಮಾನ ಬಂದದ್ದು ನಮಗೂ ಖುಷಿ ಅಂತ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಹೇಳಿದೆ. ಅವರು ಬಾರಿಸಿದರು. ಬೈಗಿನ ಬೆಳಕಿನಲ್ಲಿ ಆ ಡೊಳ್ಳಿನ ಸದ್ದು ಕಬ್ಬಿನ ಗದ್ದೆಗಳ ಮೇಲಿಂದ ಹಾದು ಎಲ್ಲಿಗೆ ಹೋಯಿತೋ, ಆ ಪುಟ್ಟ ಪರದೆಯೊಳಗೆ ಎಷ್ಟು ಹೋಯಿತೋ ತಿಳಿಯದು. ಮಾರ್ಗರೆಟ್ ಮಾತ್ರ ಅಲುಗದೆ ಕೇಳಿದರು. ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಗುತ್ತ ಏನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು.

"ಏನಂದ್ರು ಅವ್ರು?" ಎಂದು ಮಾಯವ್ವ ಕೇಳಿದಳು. ಆರು ಜೊತೆ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು.

ಸೊಗಸಾದ ಸುಳ್ಳೊಂದು ತಾನಾಗಿಯೇ ನಾಲಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು ಹೇಳಿದೆ: "ನಾ ತಪ್ಪು ತಿಳ್ಕೊಂಡೀನಿ ಅಂತ ಅವತ್ತ ಅಲ್ಲಿದ್ದಾವ್ರಿಗೆಲ್ಲ ಗೊತ್ತಾಗಿತ್ತಂತ. ಅಷ್ಟು ದೂರದಿಂದ, ಹೊಸಾ ಸೂಟು ಹಾಕ್ಕೊಂಡು ಬಂದಾನ, ಪಾಪ ಅವ್ಗ ನಾಚಿಕಿ ಆಗಬಾರದು ಅಂತ, ಎಲ್ಲಾರೂ ಕೂಡಿ ಜೋರಾಗಿ ಚಪ್ಪಾಳಿ ಹೊಡದ್ರಂತ."

ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಮಾಯವ್ವ ನನ್ನನ್ನು ನೋಡದೆ ಪರದೆಯನ್ನೇ ನೋಡುತ್ತಿದ್ದಳು.

"ದೊಡ್ಡ ಮಂದಿ ಬಿಡ್ರಿ," ಎಂದು ಡೊಳ್ಳಿನ ಹಗ್ಗವನ್ನು ಬಿಗಿ ಮಾಡಿಕೊಂಡಳು. "ಅವ್ರಿಗೆ ಇನ್ನೊಮ್ಮೆ ಬಾರಿಸ್ತೀವಿ ಅಂತ ಹೇಳ್ರಿ."

ನಾನು ಅದನ್ನೂ ಹೇಳಿ, ಫೋನನ್ನು ಅವರತ್ತ ತಿರುಗಿಸಿ ಹಿಡಿದು, ಪಕ್ಕಕ್ಕೆ ಸರಿದು ನಿಂತೆ.