ರಸಮಟ್ಟನ ಐದನೇ ಬಿಲ್ಲು

ಬಡಗಿ ಮನೆಗೆ ಬರುತ್ತಾನೆಂದರೆ ಆ ಬೀದಿಯವರು ಮೊದಲು ಗೋಡೆಯ ಪಟಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಅವನು ಕುರ್ಚಿಯಲ್ಲಿ ಕೂರುವವನಲ್ಲ, ಬಂದ ವಿಷಯ ಹೇಳುವವನೂ ಅಲ್ಲ. ಸೀದಾ ಹೋಗಿ ಪಟ ತಿರುಗಿಸುತ್ತಾನೆ, ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ಕೊನೆಗೆ "ಪಟ ಈಗ ಸರಿಯಾಯ್ತು, ನಿಮ್ಮ ಗೋಡೆನೇ ವಾಲಿದೆ" ಎಂದು ಹೇಳಿ ಮನೆಯವರ ನೆಮ್ಮದಿ ಕೆಡಿಸಿ ಹೋಗುತ್ತಾನೆ. ಹೀಗಾಗಿ ಜನ ಅವನಿಗೆ ರಸಮಟ್ಟ ಎಂದು ಹೆಸರಿಟ್ಟಿದ್ದರು. ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ ಆ ಸಾಮಾನಾದರೂ ಒಮ್ಮೊಮ್ಮೆ ತಪ್ಪೀತು, ಇವನ ಕಣ್ಣು ತಪ್ಪದು. ಮೂವತ್ತು ವರ್ಷದಲ್ಲಿ ಅವನು ಕೂರಿಸಿದ ಬಾಗಿಲುಗಳಲ್ಲಿ ಒಂದೂ ನೆಲ ಕೆರೆದದ್ದಿಲ್ಲ. ಈ ಮಾತನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದುದರಿಂದ ಬೇರೆಯವರು ಹೇಳುವ ಅಗತ್ಯ ಬಿದ್ದಿರಲಿಲ್ಲ.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿದು ಹೊಲಿದು ಒಂದು ವರ್ಷ ಭುಜ ಹಿಡಿದುಕೊಂಡಿತು. ಡಾಕ್ಟರು ಏನೋ ವ್ಯಾಯಾಮ ಹೇಳಿಕೊಟ್ಟರು. ಅವಳು ಅದನ್ನು ಮೂರು ದಿನ ಮಾಡಿ ಬೇಸತ್ತು, ಮೈದಾನದಲ್ಲಿ ಬಿಲ್ಲುವಿದ್ಯೆ ಕಲಿಸುವ ಸಂಘಕ್ಕೆ ಸೇರಿಬಿಟ್ಟಳು. "ಐವತ್ತು ತುಂಬಿದ ಮೇಲೆ ಬಿಲ್ಲೇ!" ಎಂದು ಗಂಡ ಮೂಗು ಮುರಿದ. ಆದರೆ ಆರು ತಿಂಗಳಲ್ಲಿ ಭುಜ ಸಡಿಲವಾಯಿತು, ಬಾಣ ಗುರಿಯ ಹತ್ತಿರ ಸುಳಿಯತೊಡಗಿತು, ಮರದ ಬಿಲ್ಲುಗಳ ಸ್ಪರ್ಧೆಗೆ ಅವಳ ಹೆಸರೂ ಸೇರಿತು. ಬಹುಮಾನದ ಆಸೆ ಅವಳಿಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಅಳತೆಗೆ ಹೊಲಿದವಳಿಗೆ ಒಂದು ದಿನ ನಾಲ್ಕು ಜನರ ಮುಂದೆ ತನ್ನ ಅಳತೆಯ ಬಿಲ್ಲು ಹಿಡಿದು ನಿಲ್ಲಬೇಕು ಅನ್ನಿಸಿತ್ತು, ಅಷ್ಟೆ. ಸಂಘದ ಬಿಲ್ಲುಗಳು ಕಲಿಯುವುದಕ್ಕೆ ಮಾತ್ರ. ಸ್ಪರ್ಧೆಗೆ ಅವರವರ ಬಿಲ್ಲು ಅವರವರೇ ತರಬೇಕು. ಅವಳು ಅಂಗಡಿಯಲ್ಲಿ ಒಂದನ್ನು ನೋಡಿಟ್ಟು ಬಂದಿದ್ದಳು.

"ಮನೇಲಿ ಬಡಗಿ ಇರುವಾಗ ಅಂಗಡಿ ಬಿಲ್ಲೇನೇ? ಜನ ಏನಂದಾರು?" ಎಂದ ರಸಮಟ್ಟ. "ಅದೇನು ಮಹಾ, ಬಗ್ಗಿಸಿದ ಕೋಲು. ಎರಡು ದಿನದ ಕೆಲಸ."

ಅವಳು ನಂಬಿದಳು. ಅಂಗಡಿಯ ಬಿಲ್ಲು ಅದೇ ವಾರ ಇನ್ಯಾರದೋ ಪಾಲಾಯಿತು.

ಅಟ್ಟದ ಮೇಲೆ ಎರಡು ವರ್ಷದಿಂದ ಒಣಗುತ್ತಿದ್ದ ಹಿಪ್ಪುನೇರಳೆ ಮರದ ಐದು ಉದ್ದನೆಯ ಸೀಳುಗಳಿದ್ದವು. ನಾಲ್ಕು ಹೆಚ್ಚುಕಮ್ಮಿ ನೇರವಾಗಿದ್ದವು. ಐದನೆಯದಕ್ಕೆ ಒಂದು ಕಡೆ ಉಬ್ಬು, ಅದರ ಪಕ್ಕದಲ್ಲೇ ತಗ್ಗು. ಅದನ್ನು ನೋಡಿದರೇ ಅವನಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮೂಲೆಗೆ ತಳ್ಳಿದ.

ಮೊದಲನೆಯ ಬಿಲ್ಲು ನಿಜಕ್ಕೂ ಎರಡೇ ದಿನದಲ್ಲಿ ಆಯಿತು. ಬಾಚಿಯಲ್ಲಿ ಕೆತ್ತಿ, ಕೀಸುಳಿ ಹಾಕಿ, ಗಾಜಿನ ಚೂರಿನಿಂದ ಹೆರೆದು, ಕನ್ನಡಿಯ ಹಾಗೆ ನುಣುಪು ಮಾಡಿ ಹೆದೆ ಕಟ್ಟಿದ. ಗೋಡೆಯ ಗೂಟಕ್ಕೆ ಅಡ್ಡಲಾಗಿ ಸಿಕ್ಕಿಸಿ ಹೆದೆಯನ್ನು ಹಗ್ಗದಿಂದ ನಿಧಾನವಾಗಿ ಎಳೆದ. ಲಟಕ್! ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ಏನ್ರೀ ಅದು?"

"ಮರ ಜಾಸ್ತಿ ಒಣಗಿತ್ತು."

ಎರಡನೆಯ ಸೀಳನ್ನು ಮೂರು ದಿನ ಬಚ್ಚಲಮನೆಯಲ್ಲಿ ನಿಲ್ಲಿಸಿದ. ಸ್ನಾನಕ್ಕೆ ಹೋದವರೆಲ್ಲ ಅದಕ್ಕೆ ದಾರಿ ಬಿಟ್ಟು ನಿಲ್ಲಬೇಕಾಯಿತು. ಅದೂ ಲಟಕ್ ಎಂದಿತು. ಮರ ಜಾಸ್ತಿ ತೇವ ಹೀರಿತ್ತಂತೆ. ಮೂರನೆಯದರಲ್ಲಿ ಗಂಟಿತ್ತಂತೆ. ನಾಲ್ಕನೆಯದು ಒಣಗಿರಲಿಲ್ಲ, ನೆನೆದಿರಲಿಲ್ಲ, ಹುಡುಕಿದರೂ ಗಂಟಿರಲಿಲ್ಲ. ಆದರೂ ಮುರಿಯಿತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

"ನಾನು ಎಳೆಯೋ ಹೊತ್ತಿಗೆ ಸರಿಯಾಗಿ ನೀನು ಸೀನಿದೆ," ಎಂದ.

ಹೆಂಡತಿಗೆ ರೇಗಿತು. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ! ಭಾನುವಾರ ಸ್ಪರ್ಧೆ, ಇವತ್ತು ಬುಧವಾರ. ನಾನೇನು ಅಲ್ಲಿ ಕಸಪೊರಕೆ ಹಿಡ್ಕೊಂಡು ನಿಲ್ಲಲಾ?" ಹೇಳುತ್ತ ಹೇಳುತ್ತ ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ರಸಮಟ್ಟನಿಗೆ ಮುಖವೆತ್ತಿ ನೋಡಲಾಗಲಿಲ್ಲ. ಸಾಣೆಕಲ್ಲು ತೆಗೆದುಕೊಂಡು, ಆಗಲೇ ಹರಿತವಾಗಿದ್ದ ಉಳಿಯನ್ನು ಮತ್ತೆ ಮಸೆಯತೊಡಗಿದ.

ಅವಳು ಕಣ್ಣೊರೆಸಿಕೊಂಡು, ನಾಲ್ಕು ಬಿಲ್ಲುಗಳ ಎಂಟು ತುಂಡುಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿದಳು. ಒಲೆಗೆ ಹಾಕುವ ಮುಂಚೆ ಒಮ್ಮೆ ನೋಡೋಣ ಎಂದಷ್ಟೇ ಇತ್ತು. ಬೆರಳಾಡಿಸಿದಳು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.

"ರೀ, ಬನ್ನಿ ಇಲ್ಲಿ. ಈ ಮರದ ಎಳೆ ನೋಡಿ. ಉದ್ದಕ್ಕೂ ಬಂದು, ಇಲ್ಲಿ ಮೇಲಕ್ಕೆ ಹತ್ತಿ ಮುಗಿದೇ ಹೋಗಿದೆ. ಎಲ್ಲಿ ಮುಗಿದಿದೆಯೋ ಅಲ್ಲೇ ಮುರಿದಿದೆ. ನಾಲ್ಕರಲ್ಲೂ."

"ಅಲ್ಲಿ ಸ್ವಲ್ಪ ಉಬ್ಬಿತ್ತು. ಕೀಸಿ ನೇರ ಮಾಡಿದೆ."

"ನಾಲ್ಕರಲ್ಲೂ?"

"ಉಬ್ಬು ಬಿಡೋಕಾಗುತ್ತೇನೇ?"

ಅವಳು ಒಂದು ಬಟ್ಟೆಯ ಚೂರು ಕೊಟ್ಟು ಹರಿಯಿರಿ ಎಂದಳು. ಅವನು ಮುಖ ಕೆಂಪಾಗುವವರೆಗೆ ಎಳೆದ, ಬಟ್ಟೆ ಜಗ್ಗಲಿಲ್ಲ. ಅವಳು ಅಂಚಿಗೆ ಕತ್ತರಿಯಿಂದ ಅಕ್ಕಿಕಾಳಿನಷ್ಟು ಕಚ್ಚು ಹಾಕಿ ಮತ್ತೆ ಕೊಟ್ಟಳು. ಪರ್ರನೆ ಎರಡಾಯಿತು.

"ಬಿಲ್ಲು ಬಗ್ಗಿದಾಗ ಹೊರಗಿನ ಬೆನ್ನು ಹಿಗ್ಗುತ್ತೆ. ನೀವು ಎಳೆ ಕತ್ತರಿಸಿ ಕೂತಿದ್ದೀರಿ. ಬಾಗಿಲು ಒಂದು ಕಡೆ ಸುಮ್ಮನೆ ನಿಂತಿರುತ್ತೆ ಕಣ್ರೀ, ಅದಕ್ಕೆ ನಡೀತು. ಇದು ಬಗ್ಗಬೇಕು."

ಮೂವತ್ತು ವರ್ಷ ಮರದೊಂದಿಗೆ ಬದುಕಿದವನಿಗೆ ಹೊಲಿಗೆಯವಳು ಮರದ ಪಾಠ ಹೇಳುವುದೇ! ಆದರೆ ಎಂಟು ತುಂಡುಗಳು ಎದುರಿಗೇ ಇದ್ದವು. ಎದ್ದು ಮೂಲೆಯ ಕಡೆ ನಡೆದ.

ಉಳಿದದ್ದು ಮೂಲೆಗೆ ತಳ್ಳಿದ್ದ ಆ ಐದನೆಯ ಸೀಳು. ತೊಗಟೆ ಬಿಡಿಸಿ, ಬೆನ್ನಿನ ಮೇಲಿನ ಒಂದೇ ಒಂದು ಪದರವನ್ನು ಉಬ್ಬಿದಲ್ಲಿ ಉಬ್ಬಿ, ತಗ್ಗಿದಲ್ಲಿ ತಗ್ಗಿ ಹಾಗೆಯೇ ಉಳಿಸಬೇಕು. ಹೆರೆಯುವುದೇನಿದ್ದರೂ ಹೆದೆಯ ಕಡೆಗಿರುವ ಹೊಟ್ಟೆಯಿಂದ. ಹೇಳಿದಷ್ಟು ಸುಲಭವಲ್ಲ. ಅವನ ಕೈ ತಾನಾಗಿಯೇ ಕೀಸುಳಿ ಹುಡುಕಿಕೊಂಡು ಹೋಗುತ್ತಿತ್ತು. ಹೆಂಡತಿ ಕೀಸುಳಿಯನ್ನು ಗುಂಡಿ ದಾರಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅವನು ಉಬ್ಬನ್ನು ಉಗುರಿನಿಂದ ಸವರುತ್ತ ಕೂತ. ಕೊನೆಗೆ ಅವಳು ಬಿಲ್ಲಿನ ಬೆನ್ನಿಗೆ ಉದ್ದಕ್ಕೂ ಒಂದು ಬಟ್ಟೆ ಹೊಲಿದು ಮುಚ್ಚಿದಳು. ಕಣ್ಣಿಗೆ ಕಾಣದಿದ್ದರೆ ತುರಿಕೆಯಿಲ್ಲ. ಅವನು ಒಂದಿಷ್ಟು ಹೆರೆದು, ಒಂದಿಷ್ಟು ಎಳೆದು, ಬಗ್ಗದ ಕಡೆ ಮತ್ತೆ ಹೆರೆದು ಎರಡು ದಿನ ಕಳೆದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಶನಿವಾರ ಸಂಜೆ ಬಿಲ್ಲು ಪೂರ್ತಿ ಬಗ್ಗಿತು, ಲಟಕ್ ಎನ್ನಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಹಗ್ಗವನ್ನು ಕಾಲಿನಿಂದ ಒತ್ತಿ ಹಿಡಿದಿದ್ದರು.

ಭಾನುವಾರ ಮೈದಾನದ ಗೇಟಿನಲ್ಲಿ ಅವನು ಮೆಲ್ಲಗೆ ಹೇಳಿದ, "ಯಾರಾದ್ರೂ ಕೇಳಿದ್ರೆ ಯಾರೋ ಕೊಟ್ಟಿದ್ದು ಅನ್ನು. ನಮ್ಮ ಹೆಸರು ಹೇಳಬೇಡ."

ಅವಳಿಗೆ ಬೇಜಾರಾಯಿತು. ಆದರೂ ತಲೆಯಾಡಿಸಿದಳು.

ಸ್ಪರ್ಧೆಗೆ ಮುಂಚೆ ಬಿಲ್ಲು ತಪಾಸಣೆ ಮಾಡುವವರು ಬಿಲ್ಲಿನ ಬೆನ್ನಿನ ಬಟ್ಟೆ ಬಿಚ್ಚಿಸಿದರು. ಬಿಸಿಲಿನಲ್ಲಿ ಉಬ್ಬು ತಗ್ಗು ಎಲ್ಲ ಎದ್ದು ಕಂಡವು. ಪಕ್ಕದ ಬೀದಿಯ ಬಡಗಿ ಅಲ್ಲೇ ನಿಂತಿದ್ದ. ತಮ್ಮನಿಗೆಂದು ತಾನೇ ಒಂದು ಬಿಲ್ಲು ಮಾಡಿ ತಂದಿದ್ದ. ದಾರದಂತೆ ನೇರವಾದ, ಫಳಫಳ ಹೊಳೆಯುವ ಬಿಲ್ಲು. ರಸಮಟ್ಟನ ಕೈಯಿಂದ ಒಂದೇ ಒಂದು ಡೊಂಕು ಕಾಣಬೇಕೆಂದು ವರ್ಷಗಟ್ಟಲೆ ಕಾದವನು ಇವನು. ಅಂದು ಅದು ಕಣ್ಣೆದುರಿಗೇ ಇದ್ದರೂ, ಬಿಲ್ಲು ಹಿಡಿದವಳು ರಸಮಟ್ಟನ ಹೆಂಡತಿಯೆಂದು ಪಾಪ, ಗೊತ್ತಾಗಲಿಲ್ಲ.

"ಯಾವ ಕೈಲಾಗದವನು ಮಾಡಿದ್ದು ಇದನ್ನ, ಅಕ್ಕಾ?" ಎನ್ನುತ್ತ ಜೇಬಿನಿಂದ ಚಾಕು ತೆಗೆದ. "ಕೊಡಿ ಇಲ್ಲಿ. ಆ ಉಬ್ಬು ಎರಡೇ ನಿಮಿಷದಲ್ಲಿ ಕೆತ್ತಿ ನೇರ ಮಾಡ್ಕೊಡ್ತೀನಿ."

"ಯಾರೋ ಕೊಟ್ಟಿದ್ದು..." ಎಂದು ಅವಳು ತಡವರಿಸುವುದರೊಳಗೆ ಚಾಕು ಬಿಲ್ಲಿನ ಹತ್ತಿರ ಬಂದಿತ್ತು.

"ಏಯ್! ಮುಟ್ಟಿದ್ರೆ ನೋಡು!" ಜನರ ಹಿಂದಿನಿಂದ ರಸಮಟ್ಟ ನುಗ್ಗಿ ಬಂದ. "ಆ ಡೊಂಕು ನಾನು ಬಿಟ್ಟಿರೋದು! ಬೇಕಂತಲೇ ಬಿಟ್ಟಿರೋದು! ಬಿಲ್ಲು ನನ್ನದು, ಉಬ್ಬೂ ನನ್ನದು!"

ಇಡೀ ಮೈದಾನ ತಿರುಗಿ ನೋಡಿತು. ಪಕ್ಕದ ಬೀದಿಯ ಬಡಗಿ ಒಂದು ಕ್ಷಣ ನಂಬಲಿಲ್ಲ, ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಕ್ಕ. ರಸಮಟ್ಟನ ಕಿವಿ ಕೆಂಪಾಯಿತು. ಹೆಂಡತಿ ಮಾತ್ರ ಬಿಲ್ಲು ಎತ್ತಿಕೊಂಡು, ಸೆರಗು ಬಿಗಿದು, ತನ್ನ ಗೆರೆಗೆ ಹೋಗಿ ನಿಂತಳು.

ಮೂವತ್ತಾರು ಬಾಣ. ಒಂದೊಂದು ಸಲ ಅವಳು ಎಳೆದಾಗಲೂ ರಸಮಟ್ಟ ಉಸಿರು ಬಿಗಿಹಿಡಿದ. ಬಾಣ ಎಲ್ಲಿ ಬಿತ್ತೆಂದು ಒಮ್ಮೆಯೂ ನೋಡಲಿಲ್ಲ. ಹದಿಮೂರು ಜನರಲ್ಲಿ ಅವಳು ಹನ್ನೊಂದನೆಯವಳಾದಳು. ಉಳಿದಿಬ್ಬರಲ್ಲಿ ಒಬ್ಬರಿಗೆ ಬಾಣ ಮುಗಿಸುವ ಮೊದಲೇ ಕೈ ಸೋತಿತ್ತು, ಇನ್ನೊಬ್ಬರ ಬಿಲ್ಲು ಲಟಕ್ ಎಂದಿತ್ತು. ಆದರೂ ಅವಳು ಕುಣಿಯುವುದೊಂದು ಬಾಕಿ.

ಎಲ್ಲ ಮುಗಿದ ಮೇಲೆ ಪಕ್ಕದ ಬೀದಿಯ ಬಡಗಿ ಹೊಳೆಯುವ ಎರಡು ತುಂಡುಗಳನ್ನು ಬಗಲಲ್ಲಿಟ್ಟುಕೊಂಡು ಬಂದ. ನಗು ಎಲ್ಲೋ ಬಿಟ್ಟು ಬಂದಿದ್ದ.

"ಒಳ್ಳೆ ಮರ ಕಣಯ್ಯ. ಎಷ್ಟು ನೇರ ಮಾಡಿದ್ದೆ! ಯಾಕೆ ಮುರೀತು ಅಂತೀಯ?"

ರಸಮಟ್ಟ ತುಂಡು ತೆಗೆದುಕೊಂಡು ಬೆನ್ನಿನ ಮೇಲೆ ಬೆರಳಾಡಿಸಿದ. ಎಳೆ ಮುಗಿದ ಜಾಗ ಸಿಕ್ಕಿತು. ಮೂವತ್ತು ವರ್ಷದಿಂದ ಇಂಥದೊಂದು ಪ್ರಶ್ನೆಗೆ ಇವನೂ ಕಾದಿದ್ದ. ಗಂಟಲು ಸರಿಮಾಡಿಕೊಂಡ. ಆಮೇಲೆ ತುಂಡನ್ನು ಹೆಂಡತಿಯ ಕೈಗೆ ಕೊಟ್ಟ.

"ನನ್ನ ಕೇಳಬೇಡ," ಎಂದ. "ಇವಳನ್ನ ಕೇಳು. ನನಗೂ ಇವಳೇ ಹೇಳಿಕೊಟ್ಟಿದ್ದು."